ಸುರ್ಮಾದಿಂದ ನಂಬರ್ ಇಳಿಯದು

ನಿಮ್ಮ ಮಗಳು ಟಿವಿಗೆ ತೀರಾ ಹತ್ತಿರ ಕೂರುತ್ತಾಳೆಯೇ? ಶಾಲೆಯಲ್ಲಿ ಬೋರ್ಡ್ ನೋಡಲು ಕಣ್ಣು ಕಿರಿದು ಮಾಡುತ್ತಾಳೆಯೇ? ಓದಿನಲ್ಲಿ ಹಿಂದೆ ಬಿದ್ದಳೆಂದು ಗದರಬೇಡಿ. ಮೊದಲು ಕಣ್ಣು ತಪಾಸಣೆ ಮಾಡಿಸಿ.

ಬಾಗಲವಾಡ ಸುತ್ತಲಿನ ಹಳ್ಳಿಗಳಿಂದ ಬರುವ ತಾಯಂದಿರು ನನ್ನನ್ನು ಕೇಳುವುದುಂಟು: “ಹಕೀಮ್ ಸಾಬ್, ಹುಡುಗಿಗೆ ಚಷ್ಮಾ ಬಂದರೆ ನಾಳೆ ಸಂಬಂಧ ಸಿಗುವುದು ಕಷ್ಟ. ನಂಬರ್ ಇಳಿಸುವ ಸುರ್ಮಾ ಕೊಡಿ.” ಯುನಾನಿ ಓದಿದವನಾಗಿಯೇ ಹೇಳುತ್ತೇನೆ, ಅಂಥ ಸುರ್ಮಾ ಇಲ್ಲ.

ಕಾರಣ ಕೇಳಿ. ವಸ್ತುಗಳಿಂದ ಬರುವ ಬೆಳಕು ಕಣ್ಣನ್ನು ಸೇರುವುದರಿಂದಲೇ ನಮಗೆ ಕಾಣುತ್ತದೆ ಎಂದು ಸುಮಾರು ಸಾವಿರ ವರ್ಷಗಳ ಹಿಂದೆ ಬಸ್ರಾದ ವಿದ್ವಾಂಸ ಇಬ್ನುಲ್ ಹೈಸಮ್ ‘ಕಿತಾಬುಲ್ ಮನಾಝಿರ್’ ಗ್ರಂಥದಲ್ಲಿ ವಿವರಿಸಿದರು. ಆ ಬೆಳಕನ್ನು ಕಣ್ಣಿನ ಮುಂಭಾಗದ ಕಾರ್ನಿಯಾ ಮತ್ತು ಒಳಗಿನ ಮಸೂರ ಬಾಗಿಸಿ, ಹಿಂದಿನ ಪರದೆಯಾದ ರೆಟಿನಾದ ಮೇಲೆ ಕೂಡಿಸುತ್ತವೆ. ದೊಡ್ಡವರ ಕಣ್ಣುಗುಡ್ಡೆಯ ಉದ್ದ ಸುಮಾರು 24 ಮಿ.ಮೀ. ಅದು ಒಂದೇ ಮಿ.ಮೀ. ಹೆಚ್ಚಾದರೂ ಬೆಳಕು ಪರದೆಗಿಂತ ಮುಂದೆಯೇ ಕೂಡುತ್ತದೆ. ಮೈನಸ್ ಎರಡೂವರೆಯಷ್ಟು ನಂಬರ್ ಬರುತ್ತದೆ. ಇದೇ ಸಮೀಪದೃಷ್ಟಿ. ಗುಡ್ಡೆ ಗಿಡ್ಡವಾದರೆ ದೂರದೃಷ್ಟಿ. ಕಾರ್ನಿಯಾದ ಉಬ್ಬು ಎಲ್ಲ ಕಡೆ ಸಮನಾಗಿಲ್ಲದಿದ್ದರೆ ಅಸಮದೃಷ್ಟಿ. ಉದ್ದ ಬೆಳೆದ ಗುಡ್ಡೆಯನ್ನು ಸುರ್ಮಾ ಗಿಡ್ಡ ಮಾಡಲಾರದು. ಕನ್ನಡಕ ಬೆಳಕನ್ನು ಸರಿಯಾದ ಜಾಗಕ್ಕೆ ತರುತ್ತದೆ. ಅಲ್ಲದೆ ಕೆಲವು ಸುರ್ಮಾಗಳಲ್ಲಿ ಸೀಸವಿರುತ್ತದೆ. ಅದು ಮಕ್ಕಳ ಮಿದುಳಿಗೆ ಹಾನಿಕರ, ಮಕ್ಕಳಿಗೆ ಹಚ್ಚಬೇಡಿ.

ತಡ ಮಾಡಿದರೆ ನಷ್ಟ ದೊಡ್ಡದು. ಒಂದು ಕಣ್ಣು ಮಾತ್ರ ಮಂದವಿದ್ದರೆ ಮಗು ಹೇಳುವುದೇ ಇಲ್ಲ, ಇನ್ನೊಂದರಿಂದ ನೋಡುತ್ತಿರುತ್ತದೆ. ಮಿದುಳು ಮಂದ ಕಣ್ಣನ್ನು ಬಳಸುವುದನ್ನೇ ಬಿಡುತ್ತದೆ. ಏಳೆಂಟು ವರ್ಷದೊಳಗೆ ಚಿಕಿತ್ಸೆ ಸಿಗದಿದ್ದರೆ, ಮುಂದೆ ಕನ್ನಡಕ ಹಾಕಿದರೂ ಆ ಕಣ್ಣಿಗೆ ಪೂರ್ತಿ ದೃಷ್ಟಿ ಬರುವುದು ಕಷ್ಟ. ಮನೆಯಲ್ಲೇ ಒಂದೊಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ, ಗೋಡೆಯ ಕ್ಯಾಲೆಂಡರ್ ಓದಿಸಿ ನೋಡಿ. ವ್ಯತ್ಯಾಸ ಕಂಡರೆ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ರಾಯಚೂರಿನ ರಿಮ್ಸ್‌ನಲ್ಲಿ ನೇತ್ರ ವಿಭಾಗವಿದೆ. ಮಕ್ಕಳನ್ನು ದಿನವೂ ಹಗಲು ಬೆಳಕಿನಲ್ಲಿ ಹೊರಗೆ ಆಡಲು ಬಿಡಿ. ಸಮೀಪದೃಷ್ಟಿ ಬರುವ ಸಂಭವ ಕಡಿಮೆಯಾಗುತ್ತದೆ.

ನಲವತ್ತು ದಾಟಿದವರೇ, ಕುರ್‌ಆನ್ ಪಠಿಸುವಾಗ ಅಕ್ಷರ ಕಾಣಲು ಕೈ ದೂರ ಚಾಚುತ್ತಿದ್ದೀರಾ? ಮಸೂರದ ಮೆದುತನ ಕಡಿಮೆಯಾಗಿದೆ, ಅಷ್ಟೇ. ನನಗೂ ಓದುವ ಕನ್ನಡಕ ಬಂದಿದೆ. ಆದರೆ ಮನೆಯ ಹಿರಿಯರ ಮಸೂರ ಮಸುಕಾಗಿದ್ದರೆ ಅದು ಮೋತಿಬಿಂದು. ಅದನ್ನು ಯಾವ ಔಷಧಿಯೂ ಕರಗಿಸದು, ಆಪರೇಶನ್ನೇ ದಾರಿ.

ಕಣ್ಣು ಅಲ್ಲಾಹನು ನಮಗೊಪ್ಪಿಸಿದ ಅಮಾನತ್. ನಾಳೆಯ ಸಂಬಂಧಕ್ಕೆ ಹೆದರಿ ಇಂದಿನ ದೃಷ್ಟಿಯನ್ನು ಕಳೆಯಬೇಡಿ.