ಪರದೆಯ ಮೇಲಿನ ಓದು: ತಿಳಿದದ್ದೆಷ್ಟು, ತಿಳಿಯಿತೆಂದುಕೊಂಡದ್ದೆಷ್ಟು?

ಒಂದು ಸಂಶೋಧನಾ ಲೇಖನವನ್ನು ಗಣಕದ ಪರದೆಯ ಮೇಲೆ ತೆರೆದಾಗ ನೀವು ಏನು ಮಾಡುತ್ತೀರಿ? ಶೀರ್ಷಿಕೆ ನೋಡಿ, ಸಾರಾಂಶದ ಮೇಲೆ ಕಣ್ಣಾಡಿಸಿ, ನಡುವಿನ ಪುಟಗಳನ್ನು ಸರಸರನೆ ಸರಿಸಿ, ಕೊನೆಯ ತೀರ್ಮಾನಕ್ಕೆ ಬರುತ್ತೀರಿ. ಬೇಕಾದ ಪದವನ್ನು ಹುಡುಕಿ, ಅದರ ಆಚೀಚಿನ ನಾಲ್ಕು ಸಾಲು ಓದುತ್ತೀರಿ. ವಿಷಯ ತಿಳಿಯಿತೆಂದು ಕಡತ ಮುಚ್ಚುತ್ತೀರಿ. ನಿಜವಾಗಿಯೂ ತಿಳಿಯಿತೇ?

ಈ ಪ್ರಶ್ನೆಗೆ ಈಗ ಹೆಚ್ಚಿನ ಮಹತ್ವವಿದೆ. ಕೇಂದ್ರ ಸರ್ಕಾರದ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆ 2025ರ ಜನವರಿಯಲ್ಲಿ ಆರಂಭವಾಯಿತು. ಸುಮಾರು 13,000 ವಿದ್ವತ್ ಪತ್ರಿಕೆಗಳನ್ನು ದೇಶದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ಸುಮಾರು 1.8 ಕೋಟಿ ವಿದ್ಯಾರ್ಥಿ, ಅಧ್ಯಾಪಕ ಹಾಗೂ ಸಂಶೋಧಕರಿಗೆ ತಲಪಿಸುವುದು ಇದರ ಉದ್ದೇಶ. ಇವು ಬರುವುದು ಕಾಗದದ ಮೇಲಲ್ಲ, ವಿದ್ಯುನ್ಮಾನ ರೂಪದಲ್ಲಿ. ಲೇಖನ ಕೈಗೆ ಸಿಕ್ಕರೆ ಅರ್ಧ ಕೆಲಸವಾಯಿತು; ಉಳಿದರ್ಧ ಅದನ್ನು ಅರಗಿಸಿಕೊಳ್ಳುವುದು.

ಒಂದು ಪ್ರಯೋಗ

ಇಸ್ರೇಲಿನ ರಾಕೆಫೆಟ್ ಆಕರ್ಮನ್ ಮತ್ತು ಮೋರಿಸ್ ಗೋಲ್ಡ್‌ಸ್ಮಿತ್ 2011ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡೋಣ. ಪದವಿ ವಿದ್ಯಾರ್ಥಿಗಳಲ್ಲಿ ಕೆಲವರು ಮಾಹಿತಿ ಲೇಖನಗಳನ್ನು ಪರದೆಯ ಮೇಲೆ, ಉಳಿದವರು ಕಾಗದದ ಮೇಲೆ ಓದಿದರು. ಓದಿದ ಮೇಲೆ, ಪರೀಕ್ಷೆಯಲ್ಲಿ ತಮಗೆ ಎಷ್ಟು ಅಂಕ ಬರಬಹುದೆಂದು ಅಂದಾಜು ಹೇಳಿದರು. ಆಮೇಲೆ ಪರೀಕ್ಷೆ ನಡೆಯಿತು.

ಓದಲು ಎಲ್ಲರಿಗೂ ಒಂದೇ ಅವಧಿಯನ್ನು ಗೊತ್ತುಮಾಡಿದಾಗ ಎರಡು ಗುಂಪುಗಳ ಅಂಕಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ 'ಸಾಕೆನಿಸಿದಾಗ ನಿಲ್ಲಿಸಿ' ಎಂದು ಬಿಟ್ಟಾಗ, ಪರದೆಯಲ್ಲಿ ಓದಿದವರು ಹಿಂದೆ ಬಿದ್ದರು. ಅವರ ಅಂದಾಜು ಮಾತ್ರ ನಿಜವಾದ ಅಂಕಕ್ಕಿಂತ ಮೇಲೇ ಇತ್ತು!

ಇದರ ಅರ್ಥವೇನು? ಪರದೆಯ ಮೇಲಿನ ಅಕ್ಷರಗಳನ್ನು ಗ್ರಹಿಸಲು ಮಿದುಳಿಗೆ ಅಡ್ಡಿಯೇನೂ ಇಲ್ಲ. ಕೆಡುವುದು ನಮ್ಮ ಅಂದಾಜು. ಅನ್ನ ಮಾಡುವಾಗ ಒಲೆ ಆರಿಸುವ ಮೊದಲು ಒಂದು ಅಗುಳನ್ನು ಹಿಸುಕಿ ನೋಡುತ್ತೇವಲ್ಲವೇ? ಓದುವಾಗಲೂ ಮನಸ್ಸು ಹಾಗೆ ಆಗಾಗ ಅಗುಳು ಹಿಸುಕಿ, 'ಇದು ಬೆಂದಿಲ್ಲ, ಇನ್ನೊಮ್ಮೆ ಓದಬೇಕು' ಎಂದು ತೀರ್ಮಾನಿಸುತ್ತದೆ. ಪರದೆಯ ಮುಂದೆ ಈ ತೀರ್ಮಾನ ತಪ್ಪುವುದು ಹೆಚ್ಚು. ಸಂದೇಶ, ಸುದ್ದಿ, ಚಿತ್ರಗಳನ್ನು ಮೇಲಿಂದ ಮೇಲೆ ನೋಡಿ ಬಿಡುವ ಅಭ್ಯಾಸ ಅದೇ ಪರದೆಯಲ್ಲಿ ಬೆಳೆದದ್ದು ಇದಕ್ಕೊಂದು ಕಾರಣವಿರಬಹುದು. ಪುಸ್ತಕದಲ್ಲಾದರೆ 'ಎಡಪುಟದ ಕೆಳಗೆ ಇತ್ತು' ಎಂದು ಜಾಗವೂ ನೆನಪಿನಲ್ಲಿ ನಿಲ್ಲುತ್ತದೆ. ಸರಿಯುತ್ತಲೇ ಇರುವ ಸಾಲುಗಳಿಗೆ ಅಂಥ ನೆಲೆಯಿಲ್ಲ.

ಸ್ಪೇನಿನ ವೆಲೆನ್ಸಿಯಾ ವಿಶ್ವವಿದ್ಯಾಲಯದ ಸಂಶೋಧಕರು ಆಕರ್ಮನ್ ಅವರೊಡನೆ ಸೇರಿ 2018ರಲ್ಲಿ 54 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಇವುಗಳಲ್ಲಿ 1.7 ಲಕ್ಷಕ್ಕೂ ಹೆಚ್ಚು ಜನ ಭಾಗವಹಿಸಿದ್ದರು. ಕಥೆ ಓದುವಾಗ ಕಾಗದಕ್ಕೂ ಪರದೆಗೂ ವ್ಯತ್ಯಾಸವಿರಲಿಲ್ಲ. ಮಾಹಿತಿಯ ಬರಹದಲ್ಲಿ ಕಾಗದವೇ ಸ್ವಲ್ಪ ಮುಂದಿತ್ತು. ಅಂತರ ದೊಡ್ಡದಲ್ಲ. ಆದರೆ 2000ದಿಂದ 2017ರವರೆಗೆ ಅದು ಕಡಿಮೆಯಾಗುವ ಬದಲು ಹೆಚ್ಚುತ್ತ ಹೋಗಿತ್ತು. ಹುಟ್ಟಿನಿಂದ ಪರದೆ ಕಂಡ ಪೀಳಿಗೆಗೆ ಈ ತೊಂದರೆ ಇರದೆಂಬ ನಂಬಿಕೆಗೆ ಇಲ್ಲಿ ಬೆಂಬಲ ಸಿಗಲಿಲ್ಲ.

ಹಾಗಾದರೆ ಏನು ಮಾಡಬೇಕು?

ಎಲ್ಲವನ್ನೂ ಮುದ್ರಿಸಿಕೊಳ್ಳುವುದು ಖರ್ಚಿನ ಬಾಬು. ಓದುವ ಕ್ರಮವನ್ನು ಬದಲಿಸಿಕೊಳ್ಳಬಹುದು. ಗಣಕ ವಿಜ್ಞಾನಿ ಎಸ್. ಕೇಶವ್ 2007ರಲ್ಲಿ ಸಂಶೋಧನಾ ಲೇಖನಗಳನ್ನು ಮೂರು ಸುತ್ತಿನಲ್ಲಿ ಓದುವ ಕ್ರಮವನ್ನು ಸೂಚಿಸಿದರು. ಮೊದಲ ಸುತ್ತಿಗೆ 5ರಿಂದ 10 ನಿಮಿಷ: ಶೀರ್ಷಿಕೆ, ಸಾರಾಂಶ, ಪೀಠಿಕೆ, ಉಪಶೀರ್ಷಿಕೆ, ತೀರ್ಮಾನ. ಎರಡನೆಯದಕ್ಕೆ ಒಂದು ಗಂಟೆಯವರೆಗೆ: ಚಿತ್ರ, ನಕ್ಷೆಗಳನ್ನು ಪರಿಶೀಲಿಸುತ್ತ, ಟಿಪ್ಪಣಿ ಮಾಡುತ್ತ ಓದು. ಮೂರನೆಯದರಲ್ಲಿ ಲೇಖಕರ ಕೆಲಸವನ್ನು ನೀವೇ ಮತ್ತೆ ಮಾಡಿ ನೋಡುವಷ್ಟು ಆಳದ ಪರಿಶೀಲನೆ. ಪರದೆಯ ಮೇಲೆ ನಮ್ಮಲ್ಲಿ ಅನೇಕರ ಓದು ಮೊದಲ ಸುತ್ತಿಗೇ ನಿಲ್ಲುತ್ತದೆ. ಲೇಖನ ನಮಗೆ ಬೇಕೋ ಬೇಡವೋ ಎಂದು ನಿರ್ಧರಿಸಲು ಅಷ್ಟು ಸಾಕು. ಪರೀಕ್ಷೆಗೆ ಅಥವಾ ಪ್ರಬಂಧಕ್ಕೆ ಸಾಲದು.

ಎರಡನೆಯ ಸುತ್ತಿಗೆ ಅವಸರವಿಲ್ಲದಷ್ಟು ಸಮಯವನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಆ ಹೊತ್ತಿನಲ್ಲಿ ಅಂತರಜಾಲದ ಸಂಪರ್ಕ ಕಡಿದುಹಾಕಿ. ಉದ್ದಕ್ಕೆ ಸರಿಸುವ ಬದಲು ಒಂದೊಂದೇ ಪುಟವಾಗಿ ನೋಡಿ. ಮುಖ್ಯವಾದದ್ದು ಇನ್ನೊಂದಿದೆ: ಪ್ರತಿ ಭಾಗ ಮುಗಿದ ಮೇಲೆ ಪರದೆಯಿಂದ ಕಣ್ಣು ತೆಗೆದು, ಅದರ ಮುಖ್ಯ ಪದಗಳನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಆಕರ್ಮನ್ ಅವರ ತಂಡ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೀಗೆ ಮುಖ್ಯ ಪದಗಳನ್ನು ಬರೆಸಿದಾಗ ಪರದೆಯ ಹಿನ್ನಡೆ ನೀಗಿತು. ಅಗುಳು ಹಿಸುಕುವ ಕೆಲಸ ಇದೇ.

ಮುಂದಿನ ಲೇಖನವನ್ನು ಓದಿ ಮುಗಿಸಿದಾಗ ಕಡತ ಮುಚ್ಚಿ, ಅದರ ತಿರುಳನ್ನು ಐದು ವಾಕ್ಯಗಳಲ್ಲಿ ಕನ್ನಡದಲ್ಲಿ ಬರೆದು ನೋಡಿ. ಎಲ್ಲಿ ತಡವರಿಸುತ್ತೀರೋ ಅಲ್ಲಿಂದಲೇ ಮತ್ತೆ ಓದಲು ತೊಡಗಿ.