ಗಂಟಿಲ್ಲದ ಕಸೂತಿಯ ಗಣಿತ

ಇಳಕಲ್ಲ ಸೀರೆಯ ಮೇಲೆ ತೇರು, ಗೋಪುರ, ತುಳಸಿಕಟ್ಟೆಗಳ ಕಸೂತಿಯನ್ನು ನಾವು ಕಂಡಿದ್ದೇವೆ. ರೂಢಿಯಂತೆ ಇದಕ್ಕೆ ಬಟ್ಟೆಯ ಮೇಲೆ ನಕ್ಷೆ ಬರೆಯುವುದಿಲ್ಲ. ಹಾಸುಹೊಕ್ಕಿನ ಎಳೆಗಳ ಎಣಿಕೆಯೇ ಅಳತೆ. ಒಂದೆಳೆ ತಪ್ಪಿದರೂ ಕೂಡಬೇಕಾದ ಗೆರೆಗಳು ಕೂಡವು, ಹಾಕಿದುದನ್ನು ಬಿಚ್ಚಬೇಕಾಗುತ್ತದೆ. ಗವಂತಿ ಎಂಬ ಹೊಲಿಗೆಯಲ್ಲಿ ದಾರಕ್ಕೆ ಗಂಟೂ ಇಲ್ಲ, ಚಿತ್ರವು ಎರಡು ಮಗ್ಗುಲಲ್ಲಿಯೂ ಒಂದೇ ತೆರನಾಗಿರುತ್ತದೆ. ಇದು ಹೇಗೆ ಸಾಧ್ಯ?

ಮೂರು ಹೊಲಿಗೆಗಳ ಗೆರೆಯೊಂದನ್ನು ಭಾವಿಸೋಣ. ಹೋಗುವಾಗ ದಾರವು ಕ್ರಮವಾಗಿ ಮೇಲೆ, ಕೆಳಗೆ, ಮೇಲೆ ಬೀಳುತ್ತದೆ. ಮರಳುವಾಗ ಮೂರನೆಯದರ ಕೆಳಗೆ, ಎರಡನೆಯದರ ಮೇಲೆ, ಮೊದಲನೆಯದರ ಕೆಳಗೆ ಸಾಗುತ್ತದೆ. ತೆರಪುಗಳೆಲ್ಲ ತುಂಬಿ, ಸೂಜಿಯು ಹೊರಟಲ್ಲಿಗೇ ಬಂದಿರುತ್ತದೆ.

ಗೆರೆಗೆ ಕವಲುಗಳಿದ್ದರೆ? ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳನ್ನು ತಲಾ ಒಂದೇ ಸಲ ದಾಟಿ ಸುತ್ತಿಬರುವುದು ಅಸಾಧ್ಯವೆಂದು ಗಣಿತಜ್ಞ ಆಯ್ಲರನು 1736ರಲ್ಲಿ ತೋರಿಸಿದನು. ಕೂಡುವೆಡೆಯಲ್ಲಿ ದಾರಿಗಳ ಸಂಖ್ಯೆ ಬೆಸವಾದರೆ ಅಂಥ ಸುತ್ತು ಮುಗಿಯದು. ಗವಂತಿಯಲ್ಲಾದರೋ ಪ್ರತಿ ಗೆರೆಯನ್ನೂ ಎರಡು ಸಲ ಕ್ರಮಿಸುವುದರಿಂದ ಬೆಸವೆಲ್ಲ ಸಮವಾಗುತ್ತದೆ. ಆದುದರಿಂದ ಗೆರೆಗಳು ಒಂದಕ್ಕೊಂದು ಕೂಡಿರುವ ಯಾವ ಚಿತ್ರದಲ್ಲಿಯೂ ಮರಳುವ ದಾರಿ ಉಂಟು. ಕವಲು ಎದುರಾದಾಗ ಅದರ ತುದಿಯವರೆಗೆ ಹೋಗಿ, ಹಿಂದಿರುಗಿ, ಬಳಿಕ ಮುಂದುವರಿದರಾಯಿತು.

ವಾಚಕರು ಚೌಕಳಿ ಕಾಗದದ ಮೇಲೆ ಗೋಪುರವೊಂದನ್ನು ಬರೆದು, ಪೆನ್ಸಿಲಿನ ಮೊನೆಯಿಂದ ಈ ದಾರಿಯನ್ನು ತಾವೇ ಹುಡುಕಿ ನೋಡಬಹುದು.