ಮನೆಯ ಮೇಲಣ ಸೂರ್ಯಫಲಕಗಳ ಹುಟ್ಟುವಳಿಯನ್ನು ಅಂದಾಜು ಮಾಡುವ ಕ್ರಮ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ—2021ರಲ್ಲಿ ಏರ್ಪಟ್ಟ ವಿಜಯನಗರ ಜಿಲ್ಲೆಗೆ ಸೇರಿದ ಈ ತಾಲ್ಲೂಕುಗಳಲ್ಲಿ ಮಳೆಯ ಅಭಾವವುಂಟೇ ಹೊರತು ಬಿಸಿಲಿನ ಅಭಾವವಿಲ್ಲ. ಹೊಲದಲ್ಲಿ ನಿಂತ ಜೋಳವನ್ನೂ ಸಜ್ಜೆಯನ್ನೂ ನೋಡಿ ಎಕರೆಗೆ ಇಷ್ಟು ಚೀಲವೆಂದು ಹೇಳಬಲ್ಲ ಒಕ್ಕಲಿಗರು ಇಲ್ಲಿ ಊರೂರಿಗೂ ಇರುವರು. ಅಂಥವರೇ ಮಾಳಿಗೆಯ ಮೇಲೆ ಸೂರ್ಯಫಲಕಗಳನ್ನು ಹಾಕಿಸುವಾಗ ವರ್ತಕನು ಹೇಳಿದ ಲೆಕ್ಕವನ್ನು ನಂಬಿ ಬ್ಯಾಂಕಿನಲ್ಲಿ ಸಾಲ ಮಾಡುವುದುಂಟು. ಫಲಕದ ಹುಟ್ಟುವಳಿಗೂ ಅಂದಾಜಿನ ಕ್ರಮವುಂಟು. ಅದು ಕಣದ ಲೆಕ್ಕಕ್ಕಿಂತ ಕಷ್ಟವಾದುದಲ್ಲ.

ಫಲಕದ ಮೇಲೆ ನಮೂದಿಸಿರುವ ವ್ಯಾಟಿನ ಸಂಖ್ಯೆಯು ಕಾರ್ಖಾನೆಯ ಪರೀಕ್ಷೆಯಲ್ಲಿ ದೊರೆತುದು. ಆ ಪರೀಕ್ಷೆಯಲ್ಲಿ ಚದರ ಮೀಟರಿಗೆ 1,000 ವ್ಯಾಟಿನ ಬೆಳಕು ಬೀಳುವುದು. ಫಲಕದ ಉಷ್ಣತೆಯು 25 ಡಿಗ್ರಿ ಇರುವುದು. ಬೆಳಗಿನಿಂದ ಸಂಜೆಯವರೆಗೆ ಬೀಳುವ ಎಳೆಬಿಸಿಲು, ಕಡುಬಿಸಿಲು ಎಲ್ಲವನ್ನೂ ಕೂಡಿಸಿ ಇಂಥ ಪೂರ್ಣ ಬೆಳಕಿನ ಗಂಟೆಗಳಾಗಿ ಎಣಿಸಿದರೆ, ಈ ಸೀಮೆಯಲ್ಲಿ ವರ್ಷದ ಸರಾಸರಿಯು ದಿನಕ್ಕೆ ಐದು ಗಂಟೆಗೆ ಕಡಿಮೆಯಾಗದು. ಆದುದರಿಂದ ಮೂರು ಕಿಲೋವ್ಯಾಟಿನ ಫಲಕಗಳಿದ್ದರೆ ಮೂರೈದಲೆ ಹದಿನೈದು ಯೂನಿಟ್ಟು. ವರ್ತಕರ ಲೆಕ್ಕವು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುವುದು. ಇದರಲ್ಲಿ ಕಾಲುಭಾಗವನ್ನು ಕಳೆಯತಕ್ಕದ್ದು. ಉಳಿಯುವುದು ದಿನಕ್ಕೆ 11ಕ್ಕೆ ಸ್ವಲ್ಪ ಮೇಲೆ, ವರ್ಷಕ್ಕೆ ಸುಮಾರು 4,100 ಯೂನಿಟ್ಟು.

ಕಳೆದ ಆ ಕಾಲುಭಾಗವು ಎಲ್ಲಿ ಹೋಯಿತು? ಅದರಲ್ಲಿ ದೊಡ್ಡ ಪಾಲು ಸೆಕೆಯದು. ಬಿಸಿಲು ಸುಟ್ಟಷ್ಟೂ ವಿದ್ಯುತ್ತು ಹೆಚ್ಚುವುದೆಂಬ ನಂಬಿಕೆಯು ತಪ್ಪು. ಫಲಕಕ್ಕೆ ಬೇಕಾದುದು ಬೆಳಕೇ ಹೊರತು ಕಾವಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಫಲಕವು 65 ಡಿಗ್ರಿಯವರೆಗೆ ಕಾಯಬಹುದು. 25ರ ಮೇಲೆ ಒಂದೊಂದು ಡಿಗ್ರಿಗೂ ನೂರಕ್ಕೆ 0.3ರಿಂದ 0.4ರಷ್ಟು ಶಕ್ತಿಯು ಕುಂದುವುದಾದ್ದರಿಂದ, ಆ ಹೊತ್ತಿನಲ್ಲಿ ನೂರಕ್ಕೆ 12ರಿಂದ 16ರಷ್ಟು ನಷ್ಟ. ಮಿಕ್ಕುದು ಧೂಳು, ತಂತಿ ಮತ್ತು ಇನ್ವರ್ಟರಿನ ಪಾಲು. ಧೂಳನ್ನು ಬೆಳಗಿನ ತಂಪು ಹೊತ್ತಿನಲ್ಲಿ ನೀರಿನಿಂದ ತೊಳೆಯತಕ್ಕದ್ದು. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಲಾಗದು.

ಸರಾಸರಿಯೆಂಬುದು ಎಲ್ಲ ತಿಂಗಳಿಗೂ ಒಂದೇ ಅಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹುಟ್ಟುವಳಿಯು ಹೆಚ್ಚು. ಮುಂಗಾರಿನ ಮೋಡ ಕವಿದ ದಿನಗಳಲ್ಲಿ ಅರ್ಧಕ್ಕೂ ಇಳಿಯುವುದುಂಟು. ಮಾರ್ಚಿ ತಿಂಗಳ ಒಂದು ದಿನದ ಅಂಕೆಯನ್ನು ತೋರಿಸಿ 365ರಿಂದ ಗುಣಿಸುವವನು, ಬಾವಿಯ ಪಕ್ಕದ ಮಡಿಯನ್ನು ನೋಡಿ ಇಡೀ ಹೊಲಕ್ಕೆ ಬೆಲೆ ಕಟ್ಟಿದಂತೆ.

ಈ ಸೀಮೆಯು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಫಲಕಗಳನ್ನು ಅಷ್ಟೇ ಓರೆಯಾಗಿ ದಕ್ಷಿಣಕ್ಕೆ ಮುಖಮಾಡಿ ನಿಲ್ಲಿಸುವುದು ವಾಡಿಕೆ. ಒಂದು ಕಿಲೋವ್ಯಾಟಿಗೆ ಸುಮಾರು ನೂರು ಚದರಡಿ ನೆರಳಿಲ್ಲದ ಸ್ಥಳವು ಬೇಕು. ಬೇವಿನ ಮರ, ತೆಂಗು, ನೀರಿನ ತೊಟ್ಟಿ ಇವುಗಳ ನೆರಳನ್ನು ಡಿಸೆಂಬರಿನಲ್ಲಿ, ಬೆಳಿಗ್ಗೆ ಒಂಬತ್ತರಿಂದ ಮೂರರವರೆಗೆ, ಮಾಳಿಗೆಯ ಮೇಲೆ ನಿಂತು ಕಣ್ಣಾರೆ ನೋಡತಕ್ಕದ್ದು. ಫಲಕಗಳನ್ನು ಸರಪಳಿಯಂತೆ ಜೋಡಿಸಿರುವುದರಿಂದ ಒಂದರ ಮೇಲೆ ಬಿದ್ದ ನೆರಳು ಉಳಿದವುಗಳ ಹುಟ್ಟುವಳಿಯನ್ನೂ ತಗ್ಗಿಸಬಹುದು. ಹಳೆಯ ಮಣ್ಣಿನ ಮಾಳಿಗೆಯಾದರೆ ತೊಲೆಗಳು ಭಾರವನ್ನೂ ಆಷಾಢದ ಗಾಳಿಯನ್ನೂ ತಡೆಯುವುವೇ ಎಂಬುದನ್ನು ಮೊದಲೇ ಪರೀಕ್ಷಿಸತಕ್ಕದ್ದು.

ಹಳ್ಳಿಗಳಲ್ಲಿ ಬಹು ಮುಖ್ಯವಾದರೂ ಯಾರೂ ಹೇಳದ ಸಂಗತಿಯೊಂದುಂಟು. ಬ್ಯಾಟರಿಯಿಲ್ಲದೆ ಕಂಪನಿಯ ತಂತಿಗೆ ಜೋಡಿಸಿದ ಸಾಮಾನ್ಯ ಯಂತ್ರವು, ಆ ತಂತಿಯಲ್ಲಿ ವಿದ್ಯುತ್ತು ಹೋದೊಡನೆ ತಾನೂ ನಿಲ್ಲುವುದು. ಕಂಬದ ಮೇಲೆ ಕೆಲಸ ಮಾಡುವವನ ಪ್ರಾಣರಕ್ಷಣೆಗಾಗಿ ಹಾಗೆ ಮಾಡಿರುವರು. ನಡುಹಗಲಿನಲ್ಲಿ ಎರಡು ಗಂಟೆ ಕರೆಂಟು ಹೋದರೆ ಆ ದಿನದ ಹುಟ್ಟುವಳಿಯಲ್ಲಿ ಮೂರನೆಯ ಒಂದು ಪಾಲು ಹೋದಂತೆಯೇ ಸರಿ. ಊರಿನಲ್ಲಿ ಹಗಲು ಕರೆಂಟು ಎಷ್ಟು ಹೊತ್ತು ಹೋಗುವುದೆಂಬುದನ್ನು ಒಂದು ತಿಂಗಳು ಬರೆದಿಟ್ಟು ಅಂದಾಜಿನಲ್ಲಿ ಕಳೆಯುವುದು ವಿವೇಕ.

ಲಾಭನಷ್ಟದ ಮಾತು ಬೇರೆ. 2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಕೇಂದ್ರ ಸರ್ಕಾರವು ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವನ್ನು ಗೊತ್ತುಮಾಡಿತು. ಆದರೆ 2023ರಲ್ಲಿ ಜಾರಿಗೆ ಬಂದ ರಾಜ್ಯದ ಗೃಹಜ್ಯೋತಿಯಿಂದ ಶೂನ್ಯ ಬಿಲ್ಲು ಪಡೆಯುವ ಸಣ್ಣ ಮನೆಗೆ ಫಲಕದಿಂದ ಉಳಿಯುವ ಹಣವು ಬಹು ಸ್ವಲ್ಪ. ದೊಡ್ಡ ಕುಟುಂಬ, ಹಿಟ್ಟಿನ ಗಿರಣಿ, ಹೆಚ್ಚು ಬಿಲ್ಲಿನ ಮನೆ ಇವುಗಳ ಲೆಕ್ಕವೇ ಬೇರೆಯಾಗುವುದು. ಹನ್ನೆರಡು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಳ್ಳದೆ, ಹೆಚ್ಚಾದ ಯೂನಿಟ್ಟನ್ನು ಕಂಪನಿಯು ಯಾವ ದರದಲ್ಲಿ ಕೊಳ್ಳುವುದೆಂಬುದನ್ನು ಕರಾರಿನಲ್ಲಿ ಓದದೆ, ಸಾಲದ ಪತ್ರಕ್ಕೆ ರುಜು ಹಾಕಬಾರದು.

ಫಲಕಗಳು ಬಂದ ಮೇಲೆ ಮೀಟರಿನ ಅಂಕೆಯನ್ನು ಪ್ರತಿ ತಿಂಗಳ ಮೊದಲನೆಯ ತಾರೀಖು ಬರೆದಿಡತಕ್ಕದ್ದು. ಮೊದಲ ವರ್ಷದ ಮೊತ್ತವು ಅಂದಾಜಿಗಿಂತ ಬಹಳ ಕಡಿಮೆಯಾದರೆ ಮೊದಲು ಧೂಳನ್ನೂ, ಆಮೇಲೆ ನೆರಳನ್ನೂ, ಕರೆಂಟು ಹೋದ ಗಂಟೆಗಳನ್ನೂ ನೋಡಿ, ಅವು ಸರಿಯಾಗಿದ್ದಲ್ಲಿ ಮಾತ್ರ ಹಾಕಿದವನನ್ನು ಕರೆಸಿ ತಂತಿಯ ಜೋಡಣೆಯನ್ನು ಪರೀಕ್ಷೆ ಮಾಡಿಸತಕ್ಕದ್ದು.